ಗೇರು ಬಿಡದ ದೋಣಿ: ಸ್ಟರ್ನ್‌ಡ್ರೈವ್ ಶಿಫ್ಟ್ ಕೇಬಲ್ ದೋಷ ಹುಡುಕುವುದು, ಸರಿಹೊಂದಿಸುವುದು

ಮೇ ತಿಂಗಳ ಕೊನೆಯ ಒಂದು ಶನಿವಾರ. ಮಿನ್ನೆಸೋಟಾದ ಮಿನ್ನೆಟೋಂಕಾ ಸರೋವರದಲ್ಲಿ ಆ ವರ್ಷ ನಮ್ಮ ದೋಣಿ ನೀರಿಗಿಳಿದದ್ದು ಅಂದೇ ಮೊದಲು. ಸಂಜೆ ಡಾಕ್‌ಗೆ ಮರಳುತ್ತಿದ್ದೆವು. ಇನ್ನು ಇಪ್ಪತ್ತು ಅಡಿ ಇದೆ ಎನ್ನುವಾಗ ಹಿಡಿಕೆಯನ್ನು ನ್ಯೂಟ್ರಲ್‌ಗೆ ಎಳೆದೆ. ಹಿಡಿಕೆ ಬಿಗಿಯಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ ಬಂತು; ದೋಣಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಹಗ್ಗ ಹಿಡಿದು ಮುಂಭಾಗದಲ್ಲಿ ಕುಳಿತಿದ್ದ ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ತಕ್ಷಣ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಎಂಜಿನ್ ನಿಂತ ಕ್ಷಣವೇ ಹಿಂದಿನಿಂದ ಟಕ್ ಎಂದು ಸದ್ದಾಗಿ ಗೇರು ಬಿಟ್ಟಿತು. ದೋಣಿ ಮೆಲ್ಲನೆ ಸರಿದು ಡಾಕ್‌ನ ರಬ್ಬರಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಪಕ್ಕದ ಡಾಕ್‌ನಲ್ಲಿ ಮಕ್ಕಳು ನೀರಿಗೆ ಹಾರುತ್ತಿದ್ದರು. ಅದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಒಬ್ಬ ಮೆಕ್ಯಾನಿಕ್ ಬಂದು ಅರ್ಧ ಗಂಟೆಯಲ್ಲಿ ಕೇಬಲ್ 'ಅಡ್ಜಸ್ಟ್' ಮಾಡಿ ಹೋದರು. ಮೂರು ವಾರ ಎಲ್ಲವೂ ಸರಿಯಿತ್ತು. ಬಳಿಕ ಮತ್ತೆ ಅದೇ ಕಥೆ. ಆಮೇಲೆ ನಾನೇ ಕೈಪಿಡಿ ತೆರೆದು ಕುಳಿತೆ. ಆಗ ಕಲಿತದ್ದನ್ನು, ಆನಂತರದ ವರ್ಷಗಳಲ್ಲಿ ಎರಡು ಮೂರು ಗೆಳೆಯರ ದೋಣಿಗಳಲ್ಲಿ ಕೈಯಾಡಿಸಿ ಖಚಿತಪಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಸವೆದ ಕೇಬಲ್‌ಗೆ ಅಡ್ಜಸ್ಟ್‌ಮೆಂಟ್ ಮದ್ದಲ್ಲ. ಕೇಬಲ್ ಚೆನ್ನಾಗಿದೆ ಎಂದು ತಿಳಿಯುವ ತನಕ ಸ್ಪ್ಯಾನರ್ ಹಚ್ಚಬೇಡಿ.

ಇಲ್ಲಿ ಹೇಳುವುದೆಲ್ಲ ಮರ್ಕ್ಯುರಿ ಮರೀನ್ ಕಂಪನಿಯ ಮರ್‌ಕ್ರೂಸರ್ ಆಲ್ಫಾ ಒನ್ ಡ್ರೈವ್‌ಗೆ ಸಂಬಂಧಿಸಿದ್ದು. ಅಮೆರಿಕದ ಸರೋವರಗಳಲ್ಲಿ ಕೈಬದಲಾಗಿ ಸಿಗುವ ಹಳೆಯ ದೋಣಿಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಅದೇ ಕಂಪನಿಯ ಬ್ರಾವೊ ಡ್ರೈವ್‌ನಲ್ಲಿ ಶಂಕುವಿನಾಕಾರದ ಕ್ಲಚ್ ಇರುವುದರಿಂದ ಅದರ ಲೆಕ್ಕವೇ ಬೇರೆ. ಈ ಅಳತೆಗಳನ್ನು ಅದಕ್ಕೆ ಅನ್ವಯಿಸಬೇಡಿ.

ಕೈ ಹಾಕುವ ಮೊದಲು ಅರಿಯಬೇಕಾದದ್ದು

ಸ್ಟರ್ನ್‌ಡ್ರೈವ್ ಎಂದರೆ ಎಂಜಿನ್ ದೋಣಿಯೊಳಗೆ, ಗೇರು ಮತ್ತು ಪ್ರೊಪೆಲ್ಲರ್ ಇರುವ ಕಾಲು ಹಿಂಬದಿಯ ಗೋಡೆಯ ಆಚೆ ನೀರಿನಲ್ಲಿ. ವೋಲ್ವೊ ಪೆಂಟಾದ ಅಕ್ವಾಮ್ಯಾಟಿಕ್ 1959ರಲ್ಲಿ ಬಂದಾಗಿನಿಂದ ಈ ಏರ್ಪಾಡಿನ ತತ್ವ ಬದಲಾಗಿಲ್ಲ. ತೊಡಕೂ ಅಲ್ಲೇ ಇದೆ. ಗೇರು ಹಾಕುವ ಕೈ ಒಣಗಿದ ಜಾಗದಲ್ಲಿ, ಗೇರು ನೀರಿನಡಿಯಲ್ಲಿ. ನಡುವೆ ಇರುವುದು ತಂತಿ ಮಾತ್ರ.

ಆಲ್ಫಾದಲ್ಲಿ ಕೇಬಲ್ ಒಂದಲ್ಲ, ಎರಡು. ಚುಕ್ಕಾಣಿಯ ಪಕ್ಕದ ಹಿಡಿಕೆಯಿಂದ ಎಂಜಿನ್ ಬಳಿಯ ಶಿಫ್ಟ್ ಪ್ಲೇಟ್ (ಎರಡೂ ಕೇಬಲ್ ಸೇರುವ ಲೋಹದ ಫಲಕ) ತನಕ ಬರುವುದು ಮೇಲಿನ ಕೇಬಲ್. ಶಿಫ್ಟ್ ಪ್ಲೇಟಿನಿಂದ ಹಿಂಬದಿಯ ಗೋಡೆ ದಾಟಿ, ರಬ್ಬರ್ ತಿದಿಯೊಳಗೆ ತೂರಿ, ಬೆಲ್ ಹೌಸಿಂಗ್ (ಡ್ರೈವ್ ಬಂದು ಕೂರುವ ಲೋಹದ ಕವಚ) ಮೂಲಕ ಡ್ರೈವ್‌ಗೆ ಹೋಗುವುದು ಕೆಳಗಿನ ಕೇಬಲ್. ಮೇಲಿನದು ಒಣ ಜಾಗದಲ್ಲಿದ್ದು ದೀರ್ಘಕಾಲ ಬಾಳುತ್ತದೆ. ಕೆಳಗಿನದು ನೀರಿನ ನೆರೆಯಲ್ಲಿದ್ದು, ಡ್ರೈವ್ ತಿರುಗಿದಾಗ, ಮೇಲೆದ್ದಾಗ ಪ್ರತಿ ಬಾರಿಯೂ ಬಾಗುತ್ತದೆ. ಗೇರಿನ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಈ ಕೆಳಗಿನ ಕೇಬಲ್ಲೇ ಮೂಲ.

ಊರಿನಲ್ಲಿ ಅಪ್ಪನ ಬಳಿ ಬಜಾಜ್ ಚೇತಕ್ ಇತ್ತು. ಅದರ ಗೇರು ಕೈಯಲ್ಲಿ. ಎರಡು ಕೇಬಲ್‌ಗಳು ಹ್ಯಾಂಡಲ್‌ನಿಂದ ಎಂಜಿನ್ನಿಗೆ ಹೋಗುತ್ತಿದ್ದವು. ಮಲೆನಾಡಿನ ಮಳೆಗಾಲ ಮುಗಿಯುವಷ್ಟರಲ್ಲಿ ಕೇಬಲ್ ಒಳಗೆ ತುಕ್ಕು ಹಿಡಿದು ಹ್ಯಾಂಡಲ್ ತಿರುಗಿಸಲು ಎರಡು ಕೈ ಬೇಕಾಗುತ್ತಿತ್ತು. ಗ್ಯಾರೇಜಿನವರು ಕೇಬಲನ್ನು ಮೊಳೆಗೆ ನೇತುಹಾಕಿ, ಮೇಲಿನ ತುದಿಗೆ ಕಾಗದದ ಪೊಟ್ಟಣ ಕಟ್ಟಿ ಎಣ್ಣೆ ಸುರಿದು ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆಗೆ ಕೇಬಲ್ ಹಗುರ. ದೋಣಿಯ ಕೆಳಗಿನ ಕೇಬಲ್‌ಗೂ ಇದನ್ನೇ ಮಾಡಬಹುದು ಎಂದು ನನಗೂ ತೋಚಿತ್ತು. ಮಾಡಬೇಡಿ. ಇದರ ತಂತಿ ಎಳೆಯುವುದಷ್ಟೇ ಅಲ್ಲ, ತಳ್ಳಲೂಬೇಕು. ತುಕ್ಕಿನಿಂದ ಉಬ್ಬಿದ ತಂತಿಯಾಗಲಿ ಸೀಳಿದ ಹೊರಕವಚವಾಗಲಿ ಎಣ್ಣೆಯಿಂದ ಸರಿಹೋಗುವುದಿಲ್ಲ. ಒಂದೆರಡು ವಾರ ಮರೆಯಾಗುತ್ತದೆ, ಅಷ್ಟೇ.

ಇನ್ನೊಂದು ಭಾಗವನ್ನು ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅದು ಇಂಟರಪ್ಟ್ ಸ್ವಿಚ್. ಆಲ್ಫಾದ ಕೆಳಭಾಗದಲ್ಲಿರುವ ಡಾಗ್ ಕ್ಲಚ್ ಎಂದರೆ ಹಲ್ಲಿಗೆ ಹಲ್ಲು ಕಚ್ಚುವ ಕ್ಲಚ್. ಎಂಜಿನ್ ಒತ್ತಡ ಇರುವ ತನಕ ಆ ಹಲ್ಲುಗಳು ಒಂದನ್ನೊಂದು ಬಿಗಿಹಿಡಿದಿರುತ್ತವೆ. ಸುಮ್ಮನೆ ಎಳೆದರೆ ಬಿಡುವುದಿಲ್ಲ. ಹಾಗಾಗಿ ಶಿಫ್ಟ್ ಪ್ಲೇಟಿನ ಮೇಲೆ ಒಂದು ಉಪಾಯ ಮಾಡಿದ್ದಾರೆ. ಗೇರಿನಿಂದ ಹೊರಗೆಳೆಯುವಾಗ ಕೇಬಲ್ ಮೇಲೆ ಭಾರ ಹೆಚ್ಚಿದರೆ, ಸ್ಪ್ರಿಂಗ್ ಇರುವ ಸನ್ನೆ (ಲಿವರ್) ತುಸು ಮಣಿಯುತ್ತದೆ. ಇಂಗ್ಲಿಷಿನ ವಿ ಅಕ್ಷರದಂಥ ಕಚ್ಚಿನಲ್ಲಿ ಕೂತಿದ್ದ ಪುಟ್ಟ ಉರುಳೆ ಹೊರಗೆ ಹತ್ತುತ್ತದೆ. ಸ್ವಿಚ್ ಒತ್ತಲ್ಪಟ್ಟು ಎಂಜಿನ್ನಿನ ಕಿಡಿ ಒಂದು ಕ್ಷಣ ತಪ್ಪುತ್ತದೆ. ಎಂಜಿನ್ ಮುಗ್ಗರಿಸಿದ ಆ ಕ್ಷಣದಲ್ಲಿ ಹಲ್ಲುಗಳು ಸಡಿಲಗೊಂಡು ಕ್ಲಚ್ ಹೊರಬರುತ್ತದೆ. ಭಾರ ಇಳಿದು ಉರುಳೆ ಕಚ್ಚಿಗೆ ಮರಳುತ್ತದೆ, ಎಂಜಿನ್ ಮತ್ತೆ ಸರಾಗ.

ನಾನು ಕೀಲಿ ತಿರುಗಿಸಿದಾಗ ಕೇಳಿದ ಆ ಟಕ್ ಸದ್ದು ಇದೇ. ಸ್ವಿಚ್ ಮಾಡಬೇಕಾದ ಕೆಲಸವನ್ನು ಕೀಲಿ ಮಾಡಿತ್ತು.

ಮೊದಲು ಸುರಕ್ಷತೆ

ದೋಣಿ ಟ್ರೈಲರ್ ಮೇಲಿದ್ದರೆ ಗಾಲಿಗಳಿಗೆ ಅಡ್ಡಗಟ್ಟೆ ಕೊಡಿ. ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವ ಕೆಲಸ ಇದರಲ್ಲಿದೆ, ಆ ಹೊತ್ತಿನಲ್ಲಿ ಯಾರೂ ಎಂಜಿನ್ ಚಾಲೂ ಮಾಡುವಂತಿರಬಾರದು. ಪೆಟ್ರೋಲ್ ಎಂಜಿನ್ ಇರುವ ಕೋಣೆಯ ಮುಚ್ಚಳ ತೆರೆದು ಮೂಗಿನಿಂದ ವಾಸನೆ ನೋಡಿ, ಬ್ಲೋವರ್ (ಕೋಣೆಯ ಗಾಳಿ ಹೊರಹಾಕುವ ಫ್ಯಾನ್) ಕನಿಷ್ಠ ನಾಲ್ಕು ನಿಮಿಷ ಓಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಿ. ನೆಲದ ಮೇಲೆ ಎಂಜಿನ್ ಓಡಿಸುವುದಾದರೆ ಡ್ರೈವ್‌ನ ನೀರಿನ ದ್ವಾರಗಳಿಗೆ ಮಫ್ (ನಲ್ಲಿಯ ಪೈಪ್ ಜೋಡಿಸುವ ರಬ್ಬರ್ ಬಟ್ಟಲು) ಹಾಕಿ ನಲ್ಲಿ ನೀರು ಬಿಟ್ಟಿರಬೇಕು, ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು.

ಇದು ಒಬ್ಬರ ಕೆಲಸವೂ ಅಲ್ಲ. ಎಂಜಿನ್ ನಿಂತಿರುವಾಗ ಹಿಡಿಕೆಯನ್ನು ಬಲವಾಗಿ ತಳ್ಳಿ ಗೇರು ಹಾಕಬಾರದು. ಹಲ್ಲಿನ ತುದಿಗೆ ಹಲ್ಲಿನ ತುದಿ ತಾಗಿ ನಿಂತರೆ ತಂತಿ ಬಾಗುತ್ತದೆ. ಇನ್ನೊಬ್ಬರು ಹಿಂದೆ ನಿಂತು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತಿರುವಾಗಲೇ ಗೇರು ಬದಲಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದ್ದು.

ದೋಣಿ ಏನು ಹೇಳುತ್ತಿದೆ?

ಗೇರಿನಿಂದ ಹೊರಬರುವಾಗ ಹಿಡಿಕೆ ಬಿಗಿಯಾಗಿದ್ದರೆ ಅಥವಾ ಎಂಜಿನ್ ಪೂರ್ತಿ ನಿಂತೇ ಹೋದರೆ ಮೊದಲ ಸಂಶಯ ಕೆಳಗಿನ ಕೇಬಲ್ ಮೇಲಿರಲಿ. ಕೇಬಲ್ ಒಳಗೇ ಉಜ್ಜಿಕೊಳ್ಳುತ್ತಿದ್ದರೆ ಭಾರ ಇಳಿಯುವುದಿಲ್ಲ, ಉರುಳೆ ಕಚ್ಚಿಗೆ ಮರಳುವುದಿಲ್ಲ, ಕಿಡಿ ತಪ್ಪುತ್ತಲೇ ಇರುತ್ತದೆ, ಎಂಜಿನ್ ಆರುತ್ತದೆ. ಇಂಥ ಹೊತ್ತಿನಲ್ಲಿ ಅನೇಕರು ಸ್ವಿಚ್ಚಿನ ತಂತಿಯನ್ನು ಕಿತ್ತುಹಾಕಿ ಸಮಾಧಾನಪಟ್ಟುಕೊಳ್ಳುತ್ತಾರೆ. ಎಂಜಿನ್ ಆರುವುದು ನಿಲ್ಲುತ್ತದೆ, ನಿಜ. ಆದರೆ ಪ್ರತಿ ಸಲವೂ ಕ್ಲಚ್ಚಿನ ಹಲ್ಲುಗಳನ್ನು ಭಾರದಡಿಯಲ್ಲೇ ಕಿತ್ತೆಳೆದಂತಾಗಿ, ಹಲ್ಲಿನ ಅಂಚುಗಳು ದುಂಡಾಗುತ್ತವೆ. ಆಗ ಕೇಬಲ್‌ನ ಖರ್ಚು ಗೇರ್‌ಕೇಸ್‌ನ ಖರ್ಚಾಗಿ ಬೆಳೆಯುತ್ತದೆ. ಪರೀಕ್ಷೆಗೆಂದು ಬಿಚ್ಚಿದ್ದರೆ ಮತ್ತೆ ಜೋಡಿಸಲು ಮರೆಯಬೇಡಿ.

ಗೇರಿಗೆ ಹೋಗುವಾಗ ಕರಕರ ಸದ್ದು ಬಂದರೆ, ಅಥವಾ ಗೇರಿನಲ್ಲಿದ್ದು ವೇಗ ಹೆಚ್ಚಿಸಿದಾಗ ಗೇರು ಹಾರಿ ಹೊರಬಂದರೆ, ಕ್ಲಚ್ ಪೂರ್ತಿ ಕೂರುತ್ತಿಲ್ಲ ಎಂದರ್ಥ. ಇದು ತಪ್ಪು ಹೊಂದಾಣಿಕೆಯಿಂದಲೂ ಆಗಬಹುದು, ಆಗಲೇ ಸವೆದ ಹಲ್ಲಿನಿಂದಲೂ ಆಗಬಹುದು. ಈ ಸ್ಥಿತಿಯಲ್ಲಿ ದೋಣಿ ಓಡಿಸಬೇಡಿ. ನ್ಯೂಟ್ರಲ್‌ನಲ್ಲಿದ್ದಾಗಲೂ ದೋಣಿ ಮೆಲ್ಲನೆ ಸರಿಯುತ್ತಿದ್ದರೆ ಹೊಂದಾಣಿಕೆ ನಡುಬಿಂದುವಿನಿಂದ ಜಾರಿದೆ. ಗೇರಿಗೆ ಹಾಕಿದೊಡನೆ ಮಾತ್ರ ಎಂಜಿನ್ ಆರುತ್ತಿದ್ದರೆ ಕೇಬಲ್‌ಗೆ ಹೋಗುವ ಮೊದಲು ಐಡಲ್ ವೇಗ, ಅಂದರೆ ವೇಗ ಹೆಚ್ಚಿಸದೆ ಬಿಟ್ಟಾಗ ಎಂಜಿನ್ ತಿರುಗುವ ವೇಗ, ನೋಡಿ. ಗೇರಿನಲ್ಲಿದ್ದಾಗ ಅದು ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 700 ಸುತ್ತು ಇರಬೇಕು.

ಬೇರ್ಪಡಿಸಿ ನೋಡುವುದು

ಇಡೀ ಲೇಖನದಲ್ಲಿ ನೀವು ಒಂದೇ ಒಂದು ಭಾಗವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಎಂಜಿನ್ ನಿಲ್ಲಿಸಿ, ಹಿಡಿಕೆಯನ್ನು ನ್ಯೂಟ್ರಲ್‌ನಲ್ಲಿಡಿ. ಶಿಫ್ಟ್ ಪ್ಲೇಟಿನ ಫೋಟೊವನ್ನು ಮೊಬೈಲ್‌ನಲ್ಲಿ ನಾಲ್ಕು ಕೋನದಿಂದ ತೆಗೆದುಕೊಳ್ಳಿ; ಯಾವ ವಾಷರ್ ಎಲ್ಲಿತ್ತು ಎಂಬುದು ಸಂಜೆಯ ಹೊತ್ತಿಗೆ ನೆನಪಿರುವುದಿಲ್ಲ. ಕಾಟರ್ ಪಿನ್ (ಕಳಚದಂತೆ ತೂರಿಸುವ ಸೀಳುಪಿನ್) ಮತ್ತು ನಟ್‌ಗಳನ್ನು ತೆಗೆದು ಎರಡೂ ಕೇಬಲ್‌ಗಳನ್ನು ಪ್ಲೇಟಿನಿಂದ ಬಿಡಿಸಿ. ಕೆಳಗೆ ಒಂದು ಬಟ್ಟೆ ಹಾಸಿರಿ. ಎಂಜಿನ್ ತಳಕ್ಕೆ ಬಿದ್ದ ಕಾಟರ್ ಪಿನ್ ಸಿಗುವುದು ಕಷ್ಟ.

ಈಗ ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿ. ಮೇಲಿನ ಕೇಬಲ್‌ನ ತುದಿ ಸರಾಗವಾಗಿ ಹೊರಬಂದು ಒಳಹೋಗಬೇಕು. ಇಲ್ಲೇ ಬಿಗಿಯಿದ್ದರೆ ದೋಷ ಮೇಲಿನ ಕೇಬಲ್‌ನಲ್ಲಿದೆ ಅಥವಾ ಹಿಡಿಕೆಯ ಪೆಟ್ಟಿಗೆಯಲ್ಲಿದೆ. ಕೇಬಲ್ ಎಲ್ಲಾದರೂ ತೀರಾ ಬಿಗಿಯಾಗಿ ಬಾಗಿದೆಯೇ, ಸೀಟಿನ ಅಡಿ ಸಿಕ್ಕಿಕೊಂಡಿದೆಯೇ, ಎಕ್ಸಾಸ್ಟ್ ಶಾಖಕ್ಕೆ ಕರಗಿದೆಯೇ ನೋಡಿ.

ಬಳಿಕ ಕೆಳಗಿನ ಕೇಬಲ್. ಸಹಾಯಕರು ಹಿಂದೆ ಪ್ರೊಪೆಲ್ಲರ್ ತಿರುಗಿಸುತ್ತಿರಲಿ. ನೀವು ಕೇಬಲ್ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಳ್ಳಿ, ಎಳೆಯಿರಿ. ಒಳ್ಳೆಯ ಕೇಬಲ್ ಎರಡು ಬೆರಳಿಗೆ ಮಣಿಯುತ್ತದೆ; ಕ್ಲಚ್ ಕೂರುವುದು, ಬಿಡುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಇಡೀ ಕೈಯ ಬಲ ಬೇಕೆನಿಸಿದರೆ, ಅಥವಾ ಮರಳಿನಲ್ಲಿ ಎಳೆದಂತೆ ತರಿತರಿಯಾಗಿದ್ದರೆ ಕೇಬಲ್ ಮುಗಿದಿದೆ.

ನನ್ನ ಕೇಬಲ್ ಎಳೆದಾಗ ತುದಿಯ ಕೊಳವೆಯಿಂದ ಚಹಾ ಬಣ್ಣದ ಎರಡು ಹನಿ ನೀರು ಬೆರಳ ಮೇಲೆ ಬಿತ್ತು. ಆ ಎರಡು ಹನಿಯನ್ನು ಕಂಡಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೊರಗೆ, ತಿದಿಯ ಬಳಿ ಎಲ್ಲೋ ಕವಚ ಸೀಳಿದೆ; ಸರೋವರದ ನೀರು ಕೇಬಲ್‌ನೊಳಗೇ ನಡೆದು ದೋಣಿಯೊಳಕ್ಕೆ ಬರುತ್ತಿದೆ. ಇದು ಗೇರಿನ ತೊಂದರೆಗಿಂತ ದೊಡ್ಡದು. ದೋಣಿಯನ್ನು ವಾರಗಟ್ಟಲೆ ನೀರಿನಲ್ಲೇ ಕಟ್ಟಿಡುವವರಿಗೆ, ಹನಿಹನಿಯಾಗಿ ಬರುವ ಈ ನೀರು, ಬ್ಯಾಟರಿ ಇಳಿದು ನೀರು ಹೊರಹಾಕುವ ಪಂಪ್ ನಿಂತ ದಿನ, ದೋಣಿಯನ್ನು ಮುಳುಗಿಸಬಲ್ಲದು. ನಮ್ಮಂಥ ಚಳಿ ನಾಡಿನಲ್ಲಿ ಮತ್ತೊಂದು ಕಾಟ: ಕವಚದೊಳಗೆ ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಸೀಳನ್ನು ಇನ್ನಷ್ಟು ಅಗಲಿಸುತ್ತದೆ. ಶರತ್ಕಾಲದಲ್ಲಿ ಪರವಾಗಿಲ್ಲ ಎನಿಸಿದ ಕೇಬಲ್ ವಸಂತದಲ್ಲಿ ಕೈಕೊಡುವುದು ಇದರಿಂದಲೇ.

ಬಿಗಿ ಇರುವುದು ಕೇಬಲ್‌ನಲ್ಲೋ ಡ್ರೈವ್‌ನೊಳಗಿನ ಶಿಫ್ಟ್ ದಂಡದಲ್ಲೋ ಎಂಬ ಅನುಮಾನ ಉಳಿದರೆ ಡ್ರೈವ್ ಇಳಿಸಿ ಕೇಬಲನ್ನು ಮತ್ತೊಮ್ಮೆ ಎಳೆದು ನೋಡಬೇಕು. ಆಗಲೂ ಬಿಗಿಯಿದ್ದರೆ ತಪ್ಪಿತಸ್ಥ ಕೇಬಲ್ಲೇ.

ಕೊನೆಯದಾಗಿ ಉರುಳೆ. ಕೇಬಲ್‌ಗಳು ಬಿಚ್ಚಿರುವಾಗ ಅದು ಕಚ್ಚಿನ ನಟ್ಟನಡುವೆ ಕೂತಿರಬೇಕು. ಭಾರವೇ ಇಲ್ಲದಿರುವಾಗಲೂ ಬದಿಗೆ ಸರಿದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಸನ್ನೆಯ ಮೂಲದಲ್ಲಿ ತುಕ್ಕು ಕಟ್ಟಿದೆ. ಸ್ವಿಚ್ಚನ್ನು ಕೈಯಿಂದ ಒತ್ತಿ ಬಿಟ್ಟಾಗ ಅದು ತಾನಾಗಿ ಹಿಂದಿರುಗಬೇಕು.

ಕೆಳಗಿನ ಕೇಬಲ್ ಬದಲಿಸಬೇಕಾದರೆ

ಇದನ್ನು ನಾನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಮೊದಲ ಸಲ ಮಾಡುವವರು ಅನುಭವಿಗಳ ಜೊತೆಗೇ ಮಾಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆಲ್ಫಾ ಡ್ರೈವ್ ಇಳಿಸುವಾಗಲೂ ಏರಿಸುವಾಗಲೂ ಗೇರು ಫಾರ್ವರ್ಡ್‌ನಲ್ಲಿರಬೇಕು. ಇಲ್ಲವಾದರೆ ಶಿಫ್ಟ್ ಜೋಡಣೆ ಬಿಡುವುದೂ ಇಲ್ಲ, ಕೂರುವುದೂ ಇಲ್ಲ. ಆರು ನಟ್‌ಗಳು ಡ್ರೈವನ್ನು ಹಿಡಿದಿರುತ್ತವೆ. ಅದರ ತೂಕ ಸುಮಾರು 45 ಕಿಲೋ. ಕೆಳಗೆ ಆಧಾರ ಕೊಡದೆ ನಟ್ ಬಿಚ್ಚಬೇಡಿ. ಕೇಬಲ್ ಹೊರತೆಗೆಯಲು ಬೆಲ್ ಹೌಸಿಂಗನ್ನೂ ಬಿಡಿಸಬೇಕು, ಅದಕ್ಕೆ ವಿಶೇಷ ಸಲಕರಣೆ ಬೇಕು. ಅಷ್ಟು ಬಿಚ್ಚಿದ ಮೇಲೆ ರಬ್ಬರ್ ತಿದಿಗಳನ್ನೆಲ್ಲ ಹೊಸದಾಗಿ ಹಾಕಿಬಿಡಿ, ಎಂಜಿನ್ನಿನಿಂದ ಡ್ರೈವ್‌ಗೆ ಹೋಗುವ ದಂಡವನ್ನು ಹಿಡಿಯುವ ಗಿಂಬಲ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಸದ್ದು ಕೇಳಿ. ಹಳೆಯ ತಿದಿಗೆ ಹೊಸ ಕೇಬಲ್ ಹಾಕಿ ಉಳಿಸಿದ ಹಣ ಬಹುಕಾಲ ಉಳಿಯುವುದಿಲ್ಲ. ಬೆಲ್ ಹೌಸಿಂಗಿಗೆ ಕೇಬಲ್ ಕೂರುವ ಎಳೆಗೆ ಕೈಪಿಡಿ ಹೇಳಿದ ಸೀಲಂಟನ್ನೇ ಹಚ್ಚಿ.

ಹೊಂದಾಣಿಕೆ

ಎರಡೂ ಕೇಬಲ್‌ಗಳು ಹಗುರವಾಗಿ ಓಡುತ್ತಿವೆ ಎಂದು ಬೆರಳಿಗೆ ಖಾತರಿಯಾದ ಮೇಲಷ್ಟೇ ಇಲ್ಲಿಗೆ ಬನ್ನಿ. ನಿಮ್ಮ ಎಂಜಿನ್ನಿನ ಸೀರಿಯಲ್ ನಂಬರ್‌ಗೆ ಸೇರಿದ ಸರ್ವಿಸ್ ಕೈಪಿಡಿ ಪಕ್ಕದಲ್ಲಿರಲಿ. ಈ ಕೆಲಸಕ್ಕೆಂದೇ ಮಾಡಿದ, ಕೇಬಲ್ ಮೇಲೆ ಕೂರಿಸುವ ಪುಟ್ಟ ಅಳತೆ ಸಾಧನ ಸಿಗುತ್ತದೆ, ಅದನ್ನು ಕೊಳ್ಳಿ.

1. ಕೆಳಗಿನ ಕೇಬಲ್‌ನ ಹಿತ್ತಾಳೆ ಬ್ಯಾರೆಲ್‌ನ (ಕೇಬಲ್ ಮೇಲೆ ತಿರುಗಿಸಿ ಸರಿಸಬಹುದಾದ ತುಂಡು) ನಡುವಿನಿಂದ ಕೇಬಲ್ ತುದಿಯ ತೂತಿನ ನಡುವಿಗೆ ಇರಬೇಕಾದ ಆರಂಭದ ಅಳತೆ 6 ಇಂಚು, ಅಂದರೆ 152 ಮಿಲಿಮೀಟರ್. ಉಕ್ಕಿನ ಅಳತೆಪಟ್ಟಿ ಬಳಸಿ. ಅಂದಾಜಿಗೆ ಇಲ್ಲಿ ಜಾಗವಿಲ್ಲ.

2. ಕೆಳಗಿನ ಕೇಬಲನ್ನು ಪ್ಲೇಟಿಗೆ ಜೋಡಿಸಿ. ಅಳತೆ ಸಾಧನವನ್ನು ಅದರ ಮೇಲೆ ಕೂರಿಸಿ, ಸರಿಯದಂತೆ ಟೇಪು ಸುತ್ತಿ. ಈಗ ಸನ್ನೆ ನ್ಯೂಟ್ರಲ್ ಸ್ಥಾನದಲ್ಲಿ ಕದಲದೆ ನಿಲ್ಲುತ್ತದೆ.

3. ಹಿಡಿಕೆ ನ್ಯೂಟ್ರಲ್‌ನಲ್ಲಿರಲಿ. ಮೇಲಿನ ಕೇಬಲ್‌ನ ತುದಿಯನ್ನು ಹಗುರವಾಗಿ ಒಳಕ್ಕೆ ಒತ್ತಿ, ಅದು ನಿಂತ ಜಾಗದಲ್ಲಿ ಕೊಳವೆಯ ಮೇಲೆ ಗುರುತು ಹಾಕಿ. ಹೊರಕ್ಕೆಳೆದು ಇನ್ನೊಂದು ಗುರುತು. ಈ ಎರಡರ ನಡುವಿನ ಅಂತರ ಕೇಬಲ್‌ನ ಸಡಿಲ. ನಟ್ಟನಡುವೆ ಮೂರನೆಯ ಗುರುತು ಹಾಕಿ, ಕೇಬಲ್ ತುದಿಯನ್ನು ಅಲ್ಲಿಗೆ ತಂದು ಹಿಡಿಯಿರಿ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ದೋಣಿಯಲ್ಲಿ ಮೂರು ವಾರಕ್ಕೆ ಹೊಂದಾಣಿಕೆ ಕೆಟ್ಟದ್ದಕ್ಕೆ ಕೇಬಲ್‌ನ ಜೊತೆಗೆ ಇದೂ ಕಾರಣ: ಸಡಿಲವನ್ನೆಲ್ಲ ಒಂದೇ ಬದಿಗೆ ಬಿಟ್ಟಿದ್ದರು.

4. ಹಾಗೆ ನಡುವಿನ ಗುರುತಿನಲ್ಲಿ ಹಿಡಿದುಕೊಂಡೇ, ಮೇಲಿನ ಕೇಬಲ್‌ನ ಬ್ಯಾರೆಲ್ ತಿರುಗಿಸುತ್ತ, ಅದರ ತೂತು ಪ್ಲೇಟಿನ ಸ್ಟಡ್‌ನ (ಮೊಳೆಯಂತೆ ಚಾಚಿದ ಬೋಲ್ಟ್) ಮೇಲೆ ತಾನಾಗಿ, ಎಳೆಯದೆ ತಳ್ಳದೆ ಬಂದು ಕೂರುವಂತೆ ಮಾಡಿ.

5. ವಾಷರ್ ಹಾಕಿ ಲಾಕ್ ನಟ್ ಕೂರಿಸಿ. ತಾಗುವ ತನಕ ಬಿಗಿದು ಅರ್ಧ ಸುತ್ತು ಸಡಿಲಿಸಿ. ಕೇಬಲ್ ತುದಿ ಸ್ಟಡ್ ಮೇಲೆ ತಿರುಗಲು ಸ್ವತಂತ್ರವಾಗಿರಬೇಕು. ಕಾಟರ್ ಪಿನ್ ಹೊಸದೇ ಆಗಲಿ. ಅಳತೆ ಸಾಧನ ತೆಗೆಯಿರಿ.

6. ಸಹಾಯಕರು ದೋಣಿಯ ಹಿಂದೆ ನಿಂತು ಪ್ರೊಪೆಲ್ಲರನ್ನು ಅಪ್ರದಕ್ಷಿಣವಾಗಿ ತಿರುಗಿಸುತ್ತಿರಲಿ. ನೀವು ಹಿಡಿಕೆಯನ್ನು ಪೂರ್ತಿ ಫಾರ್ವರ್ಡ್‌ಗೆ ಒಯ್ಯಿರಿ. ಕ್ಲಚ್ ಕೂತು ಪ್ರೊಪೆಲ್ಲರ್ ಅಲ್ಲೇ ಕಚ್ಚಿ ನಿಲ್ಲಬೇಕು. ಪ್ರದಕ್ಷಿಣವಾಗಿ ತಿರುಗಿಸಿದರೆ ಕಟಕಟ ಎನ್ನುತ್ತ ತಿರುಗಬಹುದು, ಅದು ಸಹಜ. ರಿವರ್ಸ್‌ನಲ್ಲಿ ಎರಡೂ ಕಡೆ ಕಚ್ಚಬೇಕು. ನ್ಯೂಟ್ರಲ್‌ನಲ್ಲಿ ಸದ್ದಿಲ್ಲದೆ ತಿರುಗಬೇಕು. ಇದು ಸಾಮಾನ್ಯವಾಗಿ ಬಳಸುವ ಬಲಸುತ್ತಿನ ಪ್ರೊಪೆಲ್ಲರ್‌ನ ಲೆಕ್ಕ.

ಒಂದು ಗೇರು ಕೂತು ಇನ್ನೊಂದು ಅರೆಬರೆಯಾದರೆ ನಡುಬಿಂದು ತಪ್ಪಿದೆ, ಮೂರನೆಯ ಹೆಜ್ಜೆಗೆ ಮರಳಿ. ಎರಡೂ ಗೇರು ಅರೆಬರೆಯಾದರೆ ಸನ್ನೆಯ ಓಟ ಸಾಲುತ್ತಿಲ್ಲ. ಮೇಲಿನ ಕೇಬಲ್ ಕೂರುವ ಸ್ಟಡ್ ಒಂದು ಉದ್ದನೆಯ ಸೀಳಿನಲ್ಲಿದೆ. ಅದನ್ನು ಸಡಿಲಿಸಿ ಸನ್ನೆಯ ಮೂಲಬಿಂದುವಿಗೆ ತುಸು ಹತ್ತಿರ ಸರಿಸಿದರೆ ಅಷ್ಟೇ ಕೇಬಲ್ ಓಟಕ್ಕೆ ಸನ್ನೆ ಹೆಚ್ಚು ತಿರುಗುತ್ತದೆ. ಸರಿಸಿದ ಮೇಲೆ ನ್ಯೂಟ್ರಲನ್ನು ಮತ್ತೆ ನೋಡಲೇಬೇಕು.

ಎಲ್ಲ ಮುಗಿದ ಮೇಲೆ ಮೂರೂ ಸ್ಥಾನಗಳಲ್ಲಿ ಉರುಳೆಯನ್ನು ನೋಡಿ. ಗೇರಿನಲ್ಲಿ ನಿಂತಿರುವಾಗಲೂ ಅದು ಕಚ್ಚಿನ ನಡುವೆ ಇರಬೇಕು. ಬದಿಗೆ ಒರಗಿದ್ದರೆ ಕೇಬಲ್ ಇನ್ನೂ ಎಲ್ಲೋ ಎಳೆದುಕೊಂಡಿದೆ.

ನೀರಿನಲ್ಲಿ

ದೋಣಿಯನ್ನು ಮುಂದೆ ಹಿಂದೆ ಎರಡೂ ಕಡೆ ಡಾಕ್‌ಗೆ ಗಟ್ಟಿಯಾಗಿ ಕಟ್ಟಿ, ನೀರಿನಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಎಂಜಿನ್ ಚಾಲೂ ಮಾಡಿ. ಎಂಜಿನ್ ಬಿಸಿಯಾಗಿ ಐಡಲ್ ಸ್ಥಿರವಾದ ಮೇಲೆ ಗೇರು ಹಾಕಿ. ಹಿಡಿಕೆಯನ್ನು ಮೆಲ್ಲಮೆಲ್ಲನೆ ತಳ್ಳಬೇಡಿ. ಡಾಗ್ ಕ್ಲಚ್‌ಗೆ ಹಿಂಜರಿಕೆ ಒಗ್ಗುವುದಿಲ್ಲ, ಹಲ್ಲುಗಳು ತುದಿಯಲ್ಲಿ ಉಜ್ಜಿಕೊಳ್ಳುತ್ತವೆ. ಒಂದೇ ದೃಢವಾದ ಚಲನೆಯಲ್ಲಿ ಹಾಕಿ. ಹೊರತೆಗೆಯುವಾಗ ಎಂಜಿನ್ ಒಂದು ಸಲ ಮುಗ್ಗರಿಸಿದಂತೆ ಕೇಳಿಸಿದರೆ ಸ್ವಿಚ್ ಕೆಲಸ ಮಾಡುತ್ತಿದೆ. ಫಾರ್ವರ್ಡ್, ನ್ಯೂಟ್ರಲ್, ರಿವರ್ಸ್, ನ್ಯೂಟ್ರಲ್ ಎಂದು ಹತ್ತು ಸಲ ಮಾಡಿ. ಹತ್ತರಲ್ಲಿ ಒಂದು ಸಲ ಎಂಜಿನ್ ಆರಿದರೂ ಹಗ್ಗ ಬಿಚ್ಚಬೇಡಿ. ಆಮೇಲೆ ಎಂಜಿನ್ ಕೋಣೆಯ ಮುಚ್ಚಳ ತೆರೆದು, ಕೆಳಗಿನ ಕೇಬಲ್‌ನ ತುದಿಯನ್ನು ಒಣ ಕಾಗದದಿಂದ ಒರೆಸಿ ನೋಡಿ.

ಅಕ್ಟೋಬರ್‌ನಲ್ಲಿ ದೋಣಿಯನ್ನು ನೀರಿನಿಂದ ಎತ್ತಿದ ದಿನವೇ ನಾನು ಎರಡು ಬೆರಳಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಕೈಗೆ ಹೇಗೆನಿಸಿತು ಎಂದು ದಿನಾಂಕದೊಡನೆ ಎಂಜಿನ್ ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ. ಆಗಲೇ ದೋಷ ಸಿಕ್ಕರೆ ಕೇಬಲ್ ತರಿಸಿ, ಗೆಳೆಯರನ್ನು ಕರೆದು ಕೆಲಸ ಮಾಡಲು ಇಡೀ ಚಳಿಗಾಲ ಕೈಯಲ್ಲಿರುತ್ತದೆ. ಮೇ ತಿಂಗಳಲ್ಲಿ ಸಿಕ್ಕರೆ ಮರೀನಾದ ಸರದಿಯಲ್ಲಿ ಜೂನ್ ಕಳೆಯುತ್ತದೆ.